ಸಿಹಿ ಬಿಡಿಸಿದ ಡಾಕ್ಟ್ರಮ್ಮ

ಸಿರುಗುಪ್ಪದ ಆಸ್ಪತ್ರೆಯಲ್ಲಿ ಆಗ ಒಬ್ಬ ಡಾಕ್ಟ್ರಮ್ಮ ಇದ್ದರು. ಯಾವ ಕೂಸು ಬಂದರೂ ಬೆರಳು ಮಡಚುತ್ತಾ "ಮತ್ತೇನು ಕೊಟ್ರಿ?" ಎಂದು ಕೇಳುತ್ತಿದ್ದರು.

ನನ್ನ ಮೊಮ್ಮಗ ಎದೆಹಾಲು ಕುಡಿಯುವವರೆಗೆ ಗುಂಡಗಿದ್ದ. ಬಾಳೆಹಣ್ಣು ತಿನ್ನಿಸಲು ಶುರುಮಾಡಿದ ಮೇಲೆ ವಾಂತಿ ಹತ್ತಿತು, ಕಣ್ಣು ಹಳದಿಯಾದವು. ಶಕ್ತಿ ಬರಲಿ ಎಂದು ನಾನು ಬೆಲ್ಲದ ನೀರು ಕುಡಿಸಿದೆ. ಕೂಸು ಬೆವತು ಕೈಕಾಲು ಚೆಲ್ಲಿತು. ನಮ್ಮೂರು ರಾರಾವಿಯಿಂದ ಬಸ್ಸು ಹತ್ತಿ ಡಾಕ್ಟ್ರಮ್ಮನ ಹತ್ತಿರ ಓಡಿದೆ.

"ಏನು ಕೊಟ್ರಿ?"

"ಹಾಲು, ಬಾಳಿಹಣ್ಣು."

"ಮತ್ತೇನು ಕೊಟ್ರಿ?"

"ಬೆಲ್ಲದ ನೀರು ರೀ. ಉಗುಳಿದ್ರೂ ಗಲ್ಲ ಹಿಡಿದು ಕುಡಿಸೀನಿ."

ಮಡಚಿದ ಬೆರಳು ಅಲ್ಲೇ ನಿಂತಿತು. "ನಿಮಗಿಂತ ಕೂಸ ಶಾಣ್ಯಾ ಐತಿ, ಅಜ್ಜಿ. ಹಣ್ಣಿನ ಸಿಹಿ ಇದರ ಲಿವರಿಗೆ ಆಗಂಗಿಲ್ಲ. ಬೆಲ್ಲ, ಸಕ್ಕರಿ, ಜೇನುತುಪ್ಪದಾಗೂ ಅದೇ ಐತಿ. ಎಲ್ಲಾ ಬಿಡ್ರಿ."

ಗಾಜಿನ ಬಾಟಲಿ ತೂಗುಹಾಕಿ ಗ್ಲೂಕೋಸ್ ಏರಿಸಿದರು.

"ಅದೂ ಸಿಹಿ ಅಲ್ಲೇನ್ರಿ?"

"ಅದು ಬ್ಯಾರೆ ಸಿಹಿ, ಇದಕ್ಕ ಒಗ್ಗತೈತಿ."

ಸಂಜೆಗೆ ಕೂಸು ಕಣ್ಣು ತೆರೆಯಿತು.

ಕೂಸಿಗೆ ವರ್ಷ ತುಂಬಿದ ದಿನ ಡಾಕ್ಟ್ರಮ್ಮನಿಗೆ ಹೋಳಿಗೆ ಒಯ್ದೆ.

"ಇವಗೇನು ಕೊಟ್ರಿ?"

"ಉಪ್ಪು, ತುಪ್ಪ, ಅನ್ನ ರೀ!" ಎಂದು ಹಿಗ್ಗಿ ಹೇಳಿದೆ.

ಅವರು ಹೋಳಿಗೆ ಮುರಿದರು. ಸಿಹಿ ವಾಸನೆಗೇ ಕಂಕುಳಲ್ಲಿದ್ದ ಮೊಮ್ಮಗ ಮುಖ ತಿರುಗಿಸಿದ. ನಾನು ಅವನ ಗಲ್ಲ ಹಿಡಿಯಲಿಲ್ಲ, ಗಲ್ಲಕ್ಕೊಂದು ಮುತ್ತು ಕೊಟ್ಟೆ.