ಹತ್ತು ನಿಮಿಷದ ರೀಸ್ಟಾರ್ಟ್

ಪೆರುಂಗುಡಿಯ ಆಫೀಸಿನಲ್ಲಿ ನಮ್ಮ ನೆಟ್‌ವರ್ಕ್ ಮ್ಯಾನೇಜರು ಯಾವ ಪ್ರಶ್ನೆಗೂ ಮೊದಲು ಕಾಫಿ ಫ್ಲಾಸ್ಕಿನ ಮುಚ್ಚಳ ಬಿಗಿಮಾಡುತ್ತಿದ್ದರು. ಆಮೇಲೆ ಉತ್ತರ: "ಅಪ್ಪುರಂ ನೋಡೋಣ ಪಾ." ಅಪ್ಪುರಂ ಅಂದರೆ ಆಮೇಲೆ; ತಲೆಮಾರುಗಳಿಂದ ಮದ್ರಾಸಿನಲ್ಲೇ ಇದ್ದ ಮನೆತನದ, ತಮಿಳು ಬೆರೆತ ಕನ್ನಡ ಅದು.

ನಾವು ನೋಡಿಕೊಳ್ಳುತ್ತಿದ್ದ ಮೈಲಾಪೂರಿನ ರಕ್ತಪರೀಕ್ಷೆಯ ಲ್ಯಾಬಿನ ರೌಟರ್‌ನಲ್ಲಿ ಒಂದು ದೋಷವಿತ್ತು. ಹೊರಗಿನವರು ಲಾಗಿನ್ ಶುರುಮಾಡಿ ಅರ್ಧಕ್ಕೆ ಬಿಟ್ಟರೂ ಅದು ಅವರಿಗೆ ಜಾಗ ಹಿಡಿದೇ ಇರುತ್ತಿತ್ತು. ಜಾಗವೆಲ್ಲ ಹಾಗೆ ತುಂಬಿದರೆ, ದೂರದಿಂದ ಅದನ್ನು ನಿರ್ವಹಿಸಬೇಕಾದ ನಮಗೇ ಪ್ರವೇಶವಿಲ್ಲ. ಸರಿಪಡಿಸುವ ಸಾಫ್ಟ್‌ವೇರ್ ಬಂದಿತ್ತು. ಹಾಕಿದರೆ ಹತ್ತು ನಿಮಿಷದ ರೀಸ್ಟಾರ್ಟ್. ನಾನು ವಾರವಾರವೂ ಕೇಳುತ್ತಿದ್ದೆ, ಅವರು ಮುಚ್ಚಳ ತಿರುಗಿಸುತ್ತಿದ್ದರು.

ಒಂದು ಮಧ್ಯಾಹ್ನ ಲ್ಯಾಬಿನ ಇಂಟರ್ನೆಟ್ ಕುಂಟತೊಡಗಿತು. ಬೇರೆ ಲೈನಿಗೆ ಬದಲಿಸೋಣವೆಂದರೆ ರೌಟರ್ ನಮ್ಮನ್ನು ಒಳಗೇ ಬಿಡಲಿಲ್ಲ. ಯಾರೋ ಜಾಗವನ್ನೆಲ್ಲ ತುಂಬಿಸಿಬಿಟ್ಟಿದ್ದರು. ನಾನೂ ಮ್ಯಾನೇಜರೂ ರೈಲು ಹಿಡಿದು ಲ್ಯಾಬಿಗೆ ಓಡಿದೆವು. ಆಪರೇಷನ್‌ಗೆ ರಿಪೋರ್ಟ್ ಬೇಕಾದವರು ಕೌಂಟರಿನಲ್ಲಿ ಕೂಗಾಡುತ್ತಿದ್ದರು.

"ಎವ್ವಳವು ನೇರಂ ಸಾರ್?" ಎಷ್ಟು ಹೊತ್ತು ಎಂದು ಕೌಂಟರಿನಾಕೆ ತಮಿಳಿನಲ್ಲಿ ರೇಗಿದಳು.

"ಪತ್ತೇ ನಿಮಿಷಂ ಮಾ," ಹತ್ತೇ ನಿಮಿಷ ಎಂದು ಮ್ಯಾನೇಜರು ರೌಟರ್‌ನ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದರು.

ಅದು ಎದ್ದಿತು, ತುಂಬಿದ್ದ ಜಾಗವೆಲ್ಲ ಖಾಲಿಯಾಗಿತ್ತು. ಒಳಗೆ ಹೋಗಿ ಲೈನ್ ಬದಲಿಸಿದೆವು. ರಿಪೋರ್ಟುಗಳು ಬಂದವು, ಜನ ಕರಗಿದರು.

"ಸಾರ್, ಈಗಲಾದ್ರೂ ಆ ಸಾಫ್ಟ್‌ವೇರ್ ಹಾಕ್ಬಿಡೋಣ. ಇವತ್ತು ರಾತ್ರಿ ಮತ್ತೆ ತುಂಬಿಸ್ತಾರೆ," ಎಂದೆ.

"ಈಗ್‌ತಾನೆ ರೀಸ್ಟಾರ್ಟ್ ಆಯ್ತಲ್ಲ ಪಾ. ಇನ್ನೊಂದು ಯಾಕೆ?"

ಹೀಗೆಂದು ಅವರು ನಕ್ಕರೆಂದು ನನ್ನ ನೆನಪು. ನಕ್ಕಿರಲಾರರು, ಆ ನಗುವನ್ನು ನನ್ನ ಸಿಟ್ಟೇ ಆಮೇಲೆ ಅಂಟಿಸಿರಬೇಕು. ನಾನು ಇನ್ನೊಮ್ಮೆ ಬಾಯಿ ತೆರೆದೆ. ಅವರ ಕೈ ಫ್ಲಾಸ್ಕಿನ ಮುಚ್ಚಳಕ್ಕೆ ಹೋಯಿತು. ಅದಂತೂ ನಿಜ.