ಸೋಲುವ ನೌಕರಿ

ಇಂಡಿ ಊರಿನ ಕ್ಲಬ್ಬಿನ್ಯಾಗ ನಾ ಮಾರ್ಕರ್ ಇದ್ನಿ. ಹಂಗಂದ್ರ ಏನಂತ ನಮ್ಮವ್ವಗ ಸಾಯೂತನಕ ತಿಳೀಲಿಲ್ಲ. ಬಿಲಿಯರ್ಡ್ಸ್ ಟೇಬಲ್ ಝಾಡಿಸೂದು, ಅದರ ಮ್ಯಾಲಿನ ಹಸರು ಬಟ್ಟೀಗೆ ಇಸ್ತ್ರಿ ಹಾಕೂದು, ಅಂಕಿ ಕೂಗೂದು, ಜೋಡಿ ಇಲ್ದ ಬಂದ ಸಾಹೇಬರ ಕೂಡ ಆಡೂದು. ಆಡಿ, ಸೋಲೂದು. ಖರೇ ಹೇಳಬೇಕಂದ್ರ ಪಗಾರ ಇದ್ದದ್ದು ಸೋಲೂದಕ್ಕ.

ನಗಬ್ಯಾಡ್ರಿ. ಸೋಲೂದು ಸಸಾರ ಕೆಲಸ ಅಲ್ಲ. ಮೊದಲ ನಾವೇ ತುಸು ಮುಂದ ಹೋಗಬೇಕು, ಸಾಹೇಬರಿಗೆ ಹುರುಪು ಏರಬೇಕು, ಕಡೀಕ ನಮ್ಮ ಗುಂಡು ಟೇಬಲ್ ಮೂಲ್ಯಾಗಿನ ಜಾಳಿಗಿ ಬಾಯಿತನಕ ಹೋಗಿ ಅಲ್ಲೇ ನಿಲ್ಲಬೇಕು. ಗುರಿ ನೆಟ್ಟಗ ಇಟ್ಟು, ಹೊಡಿಯೂ ಹೊತ್ತಿಗೆ ಹಿಂದಿನ ಕೈ ಸಡ್ಲ ಬಿಟ್ರ ಆತು, ನೋಡಾವ್ರಿಗೆ ಗೊತ್ತಾಗಂಗಿಲ್ಲ. "ಅಯ್ಯ, ಥೋಡೇದ್ರಾಗ ತಪ್ಪಿತಲ್ಲೋ!" ಅಂತ ಬೆನ್ನು ಚಪ್ಪರಿಸಿ ಚಾ ತರಿಸ್ತಿದ್ರು. ಸಿಂದಗಿಯಿಂದ ಬದಲಿಯಾಗಿ ಬಂದಾವ್ರು, ಮುದ್ದೇಬಿಹಾಳಕ್ಕ ಹೋಗಾವ್ರು, ಎಲ್ಲಾರ ಕೈಯಾಗೂ ಸೋತೇನಿ. ಸಾಕಾಗಿ ಹೋಗಿತ್ತು. ಆದ್ರ ಒಳಗ ಒಂದು ಧೈರ್ಯ ಇತ್ತು. ನನ್ನ ಖರೇ ಆಟ ಬ್ಯಾರೇನೇ ಐತಿ, ಅದನ್ನ ಇನ್ನೂ ಯಾರೂ ನೋಡಿಲ್ಲ, ಒಂದಿನ ಆಡಿ ತೋರಿಸ್ತೇನಿ ಅನ್ನೂದು. ಆ ದಿನ ಎಲ್ಲಿಂದ ಬರಬೇಕು? ಪಗಾರ ತಗೊಂಡು ಆಡಾವ್ರನ್ನ ದೊಡ್ಡ ಸ್ಪರ್ಧಾಕ್ಕ ಸೇರಿಸ್ಕೋತಿರಲಿಲ್ಲ.

ಎಮರ್ಜನ್ಸಿ ಸುರುವಾದ ವರ್ಷ ಮನಗೂಳಿಯಿಂದ ನಮ್ಮ ಕಾಕಾನ ಮಗ ಬಂದಾ. ಕುರಿ ಕಾಯೂ ಮನಿತನ, ಹೆಂಡ್ತಿ ಬಸರಿ, ಊರಾಗ ಕೆಲಸ ಇಲ್ಲ. ಕ್ಲಬ್ಬಿನ ಸೆಕ್ರೆಟರಿಗೆ ಹೇಳಿ ನನ್ನ ಕೈಕೆಳಗ ಇಟ್ಕೊಂಡ್ನಿ. ಮೊದಮೊದಲ ಸುಮ್ನ ಕುಂತು ನೋಡಿದಾ. ಒಂದಿನ ಮಧ್ಯಾಹ್ನ ಕೋಲು ತಗೊಂಡು ಬಗ್ಗಿದಾ. ಏನ್ ಹೇಳ್ಲಿ ಆ ಕೈ! ಕೆಂಪು ಗುಂಡು ಜಾಳಿಗ್ಯಾಗ ಬಿದ್ದ ಮ್ಯಾಲ ಬಿಳಿ ಗುಂಡು ಹೊಳ್ಳಿ ಬಂದು, ಮುಂದಿನ ಹೊಡ್ತಕ್ಕ ಎಲ್ಲಿರಬೇಕೋ ಅಲ್ಲೇ ನಿಲ್ಲೂದು. ಯಾರೂ ಕಲಿಸಿದ್ದಲ್ಲ. ಸಾಧಿಸಿದರ ಸಬಳಾ ನುಂಗಬಹುದು ಅಂತಾರಲ್ಲ, ನಾ ವರ್ಷಗಟ್ಲೆ ಸಾಧಿಸಿದ್ದನ್ನ ಈ ಮಗಾ ಶೇಂಗಾ ತಿನಕೋತ ಮಾಡ್ತಿದ್ದಾ. ಹೊಟ್ಟಿ ಉರೀತು, ಸುಳ್ಳ ಯಾಕ ಹೇಳ್ಲಿ. ನಾನೂ ಮನಸ್ ಮಾಡಿದ್ರ ಇಷ್ಟ ಆಡ್ತೇನಿ ಅಂತ ನನಗ ನಾನ ಸಮಾಧಾನ ಹೇಳ್ಕೊಂಡ್ನಿ.

ಅವನ ನೌಕರಿ ಕಾಯಂ ಆಗಬೇಕಂದ್ರ ಆಗಷ್ಟ ಬದಲಿಯಾಗಿ ಬಂದಿದ್ದ ಹೊಸಾ ಸಾಹೇಬರ ಕೂಡ ಆಡಿ ಸೋಲಬೇಕಿತ್ತು. ಯುಕ್ತಿ ಎಲ್ಲಾ ಹೇಳಿಕೊಟ್ನಿ.

"ಆಗವಲ್ದೋ ಅಣ್ಣಾ," ಅಂದಾ. "ಗುಂಡು ಹೋಗೂ ದಾರಿ ಕಣ್ಣಿಗೆ ಕಾಣತೈತಿ. ಕಂಡ ಮ್ಯಾಲ ಹೆಂಗ ಬಿಡ್ಲಿ?"

"ಹೆಂಡ್ತಿ ಮಕಾ ನೆನಸ್ಕೊಂಡು ಬಿಡೋ ಹುಚ್ಚ!"

ಆಟದ ದಿನ ನೆನಸ್ಕೊಂಡಿರಬೇಕು ಪಾಪ. ಕಡೀ ಹೊಡ್ತಕ್ಕ ಗುಂಡು ಟೇಬಲ್ ಬಿಟ್ಟು ಜಿಗದು ಸಾಹೇಬರ ಕಾಲಾಗ ಬಂದು ಬಿತ್ತು. ಅಲ್ಲೀತನಕ ಅವನ ಆಟ ನೋಡಿದ್ದ ಸಾಹೇಬ್ರು ಕೆಂಪಗಾದ್ರು. "ನನಗ ಭಿಕ್ಷಾ ಹಾಕ್ತಿ ಏನಲೇ?" ಅಂದ್ರು. ಮರುದಿನಾನ ಅವನ್ನ ತಗದು ಹಾಕಿದ್ರು. ಅವಗೇನೂ ಅನಿಸ್ಲಿಲ್ಲ. ಝಳಕಿ ರಸ್ತಾದಾಗ ಒಂದು ಲಾರಿಗೆ ಕ್ಲೀನರ್ ಆಗಿ ಸೇರಿದಾ, ಮುಂದ ಡ್ರೈವರ್ ಆದಾ. ನನ್ನ ನೌಕರಿ ಮಾತ್ರ ಗಟ್ಟಿ ಉಳೀತು. ಸಂಜಿಗೊಮ್ಮೆ ಸೋತು ಮನಿಗೆ ಬರೂದು, ಉಂಡು ಮಲಗೂದು.

ಕೆಲವು ವರ್ಷದ ಮ್ಯಾಲ, ಒಂದು ಉರಿಬಿಸಿಲಿನ್ಯಾಗ, ಲಾರಿ ನಿಲ್ಲಿಸಿ ಕ್ಲಬ್ಬಿಗೆ ಬಂದಾ. ಯಾರೂ ಇರಲಿಲ್ಲ.

"ಒಂದಾಟ ಆಡೂಣೇನಣ್ಣಾ? ಇವತ್ತ ಸಾಹೇಬಿಲ್ಲ, ಸೆಕ್ರೆಟರಿ ಇಲ್ಲ. ನಿನ್ನ ಖರೇ ಆಟ ನೋಡಬೇಕು ನನಗ."

ಕಾದಿದ್ದ ದಿನ ಇದೇ ಅನ್ನಿಸ್ತು. ಅವ ಕೋಲು ಮುಟ್ಟಿ ಎಷ್ಟೋ ವರ್ಷಾಗಿತ್ತು, ಸ್ಟೇರಿಂಗ್ ಹಿಡದು ಅಂಗೈ ದಡ್ಡುಗಟ್ಟಿತ್ತು. ಆದ್ರೂ ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ ನೋಡ್ರಿ, ಆಟದ ನಡಬರಕ ಕೈ ಕುದುರಿ ಚಂದ ಹೊಡಿಯಾಕ ಹತ್ತಿದಾ. ನಾನೂ ಬಿಡ್ಲಿಲ್ಲ. ಜನ್ಮದಾಗ ಹಂಗ ಆಡಿರಲಿಲ್ಲ. ಸಮಸಮ ಬಂದ್ವಿ. ಕಡೀಕ ನನ್ನ ಪಾಳಿ ಬಂತು. ಕೆಂಪು ಗುಂಡು ಜಾಳಿಗಿ ಹತ್ರನ ಇತ್ತು, ಕಣ್ಣು ಮುಚ್ಚಿ ಹೊಡದ್ರೂ ಬೀಳೂವಂಥಾದ್ದು. ಅದು ಬಿದ್ರ ನಾ ಗೆದ್ದಂಗ. ಹಲ್ಲು ಕಚ್ಚಿ, ಕೋಲು ಬಿಗಿಯಾಗಿ ಹಿಡದು ಹೊಡದ್ನಿ.

ಹೊಡಿಯೂ ಹೊತ್ತಿಗೆ ಹಿಂದಿನ ಕೈ ತಾನ ಸಡ್ಲಾತು. ನಾ ಬ್ಯಾಡ ಬ್ಯಾಡ ಅಂದ್ರೂ ಕೇಳ್ಲಿಲ್ಲ. ಗುಂಡು ಜಾಳಿಗಿ ಬಾಯಿತನಕ ಹೋಗಿ ನಿಂತಬಿಡ್ತು.

ಅವ ಕೋಲು ಕೆಳಗಿಟ್ಟಾ. ಮಾರಿ ಸಣ್ಣದಾಗಿತ್ತು.

"ನನ್ನ ಕೂಡಾನೂ ಬೇಕಂತ ಬಿಟ್ಟಿ ಏನೋ ಅಣ್ಣಾ? ನಾ ಏನು ಸಾಹೇಬನೇನು?"

ನಾ ಬಿಟ್ಟಿರಲಿಲ್ಲ, ದೇವರಾಣಿ. ಆದ್ರ ಅದನ್ನ ಬಾಯಿಬಿಟ್ಟು ಹೇಳಿದ್ರ ನನ್ನ ಹತ್ರ ಏನ ಉಳೀತಿತ್ತು?

"ಹೌದಪಾ," ಅಂದ್ನಿ, "ಬಿಟ್ನಿ."

ಅವ ಹೋಗಿ ಲಾರಿ ಚಾಲೂ ಮಾಡಿದಾ. ಮತ್ತ ಆ ಕ್ಲಬ್ಬಿಗೆ ಬರಲಿಲ್ಲ.