ಎಲ್ಲರಲ್ಲೂ ಇರುವ ಹಳದಿ ಗೆರೆ

ನನ್ನ ಅತ್ತಿಗೆ ಮೂವತ್ತೊಂದು ವರ್ಷ ಸತ್ತವರ ರಕ್ತನಾಳ ಕತ್ತರಿಸಿ ಹೊಟ್ಟೆ ಹೊರೆದವರು. ಹೀಗೆಂದ ಕೂಡಲೇ ಕೇಳಿದವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅದನ್ನು ನೋಡುವುದು ನನಗೆ ಖುಷಿ, ಅದಕ್ಕೇ ಹೀಗೆ ಹೇಳುತ್ತೇನೆ. ಅತ್ತಿಗೆಯಾದರೆ "ಆಸ್ಪತ್ರೇಲಿ ಲ್ಯಾಬ್ ಕೆಲಸ" ಎಂದು ಮುಗಿಸಿಬಿಡುತ್ತಿದ್ದರು.

ಆ ಲ್ಯಾಬು ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಕಿಟಕಿಯಲ್ಲಿ ಕಾಣುತ್ತಿದ್ದದ್ದು ಹೊರಗೆ ಓಡಾಡುವವರ ಪಾದಗಳು ಮಾತ್ರ. ಮರಣೋತ್ತರ ಪರೀಕ್ಷೆಯಿಂದ ಬಂದ ಹೃದಯದ ತುಣುಕನ್ನು ಅತ್ತಿಗೆ ಒಂದಾದ ಮೇಲೊಂದು ದ್ರಾವಣದಲ್ಲಿ ಮುಳುಗಿಸಿ, ಕರಗಿದ ಮೇಣದಲ್ಲಿ ಕೂರಿಸಿ, ಗಟ್ಟಿಯಾದ ಮೇಲೆ ಯಂತ್ರಕ್ಕೆ ಸಿಕ್ಕಿಸುತ್ತಿದ್ದರು. ಹಿಡಿ ತಿರುಗಿಸಿದರೆ ಬ್ಲೇಡಿನ ತುದಿಯಿಂದ ಐದು ಮೈಕ್ರಾನ್ ದಪ್ಪದ ಪದರ ರಿಬ್ಬನ್ನಿನ ಹಾಗೆ ಹೊರಬರುತ್ತಿತ್ತು. ಕೂದಲನ್ನು ಉದ್ದಕ್ಕೆ ಹತ್ತಾರು ಸೀಳು ಮಾಡಿದರೆ ಎಷ್ಟೋ ಅಷ್ಟು. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಎತ್ತಿಕೊಳ್ಳಬೇಕು. ಪಕ್ಕದಲ್ಲಿ ಯಾರಾದರೂ ಸೀನಿದರೆ ಒಂದು ಗಂಟೆಯ ಕೆಲಸ ಹಾಳು. ಡಾಕ್ಟರುಗಳೆಲ್ಲ ಅವರನ್ನು ಐದು ಮೈಕ್ರಾನ್ ಮೇಡಂ ಎಂದೇ ಕರೆಯುತ್ತಿದ್ದರು.

"ಆಸ್ಪತ್ರೇಲಿ ಐದು ಮೈಕ್ರಾನ್, ಮನೇಲಿ ಈರುಳ್ಳಿ ಮಾತ್ರ ಐದು ಇಂಚು" ಎಂದು ಅಣ್ಣ ರೇಗಿಸುತ್ತಿದ್ದ.

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟ್ ಕೆಟ್ಟಾಗಲೇ ಅವನಿಗೆ ಕರೆ ಬರುವುದು, ಹಾಗಾಗಿ ಅವನು ಜೀವಮಾನವಿಡೀ ಮೆಟ್ಟಿಲು ಹತ್ತಿದ. ಹೆಗಲಿಗೆ ಉಪಕರಣದ ಚೀಲ ಹಾಕಿಕೊಂಡು ಹತ್ತು ಮಹಡಿ ಏರಿದರೂ ಏದುಸಿರು ಬಿಡುತ್ತಿರಲಿಲ್ಲ. ಸಿಗರೇಟಿಲ್ಲ, ಹೊಟ್ಟೆ ಇಲ್ಲ. ಗಂಡ ಹೆಂಡತಿಗೆ ಮಕ್ಕಳಿರಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋಗಿ ಅಡುಗೆಮನೆಯ ಮೇಜಿನ ಮುಂದೆ ಕೂತರೆ ಏಳುತ್ತಿದ್ದದ್ದು ಮಧ್ಯಾಹ್ನಕ್ಕೇ. ನಾನು ಗಣಿತದ ಟೀಚರ್, ಬೈಯುವುದು ನನಗೆ ಅಭ್ಯಾಸ. ಅವರಿಬ್ಬರಿಗೂ ಬೈಸಿಕೊಳ್ಳುವುದು ಅಭ್ಯಾಸವಾಗಿತ್ತು.

ಅಣ್ಣನಿಗೆ ನಲವತ್ತೆಂಟು ತುಂಬಿದ ವರ್ಷ ಕಂಪನಿಯವರು ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ಕೆಟ್ಟ ಕೊಲೆಸ್ಟರಾಲು, ಎಲ್‌ಡಿಎಲ್ ಅನ್ನುತ್ತಾರಲ್ಲ, ನೂರರೊಳಗೆ ಇರಬೇಕಾದದ್ದು ಇನ್ನೂರ ಐವತ್ತೆಂಟು ಬಂತು. ಟ್ರೆಡ್‌ಮಿಲ್ ಮೇಲೆ ಓಡಿಸಿ ಹೃದಯ ನೋಡಿದರು. ಹುಡುಗರಿಗಿಂತ ಚೆನ್ನಾಗಿ ಓಡಿದ. ಆದರೂ ಡಾಕ್ಟರು, "ನಿಮ್ಮ ತಂದೆ ನಲವತ್ನಾಲ್ಕಕ್ಕೇ ಹಾರ್ಟ್ ಅಟ್ಯಾಕಲ್ಲಿ ಹೋದ್ರು ಅಂತೀರಿ. ಇದು ಮನೆತನದ್ದು. ಈ ಮಾತ್ರೆ ದಿನಾ ತಗೊಳ್ಳಿ, ಬಿಡೋ ಹಾಗಿಲ್ಲ" ಎಂದು ಬರೆದುಕೊಟ್ಟರು.

ಎರಡು ತಿಂಗಳು ನುಂಗಿದ. ತೊಡೆ ನೋಯಲು ಶುರುವಾಯಿತು. ಮೆಟ್ಟಿಲೇ ಕೆಲಸವಾದವನಿಗೆ ತೊಡೆ ನೋವು ಬಂದರೆ ಹೇಗಿರುತ್ತದೆ? ಒಂದು ಭಾನುವಾರ ಮೇಜಿನ ಮುಂದೆ ಕೂತು ಅತ್ತಿಗೆಯನ್ನು ಕೇಳಿಯೇಬಿಟ್ಟ.

"ನಿಜ ಹೇಳು, ನನ್ನ ಎದೆ ಒಳಗೂ ಅಪ್ಪನ ಥರ ಆಗಿರುತ್ತಾ?"

ಅವನು ನಗುನಗುತ್ತಲೇ ಕೇಳಿದ್ದು. ಆದರೆ ಕೈಯಲ್ಲಿದ್ದ ಲೋಟವನ್ನು ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ. ಹೆದರಿದ್ದ. ನನಗೂ ಗೊತ್ತಾಯಿತು, ಅತ್ತಿಗೆಗೂ ಗೊತ್ತಾಯಿತು.

ಅತ್ತಿಗೆ ಕೈ ಒರೆಸಿಕೊಂಡು ಬಂದು ಅವನ ಪಕ್ಕ ಕೂತರು. "ನೋಡಿ, ನಾಳದ ಒಳಗೆ ಹಳದಿ ಗೆರೆ ಎಲ್ಲರಲ್ಲೂ ಇರುತ್ತೆ. ನಾನು ದಿನಾ ನೋಡ್ತೀನಲ್ಲ. ಇಪ್ಪತ್ತು ವರ್ಷದವರಲ್ಲೂ ನೋಡಿದೀನಿ. ತಲೆಕೂದಲು ಬೆಳ್ಳಗಾದ ಹಾಗೆ ಅದು. ಓಡಿಸಿ ನೋಡಿದ್ದು ಚೆನ್ನಾಗೇ ಬಂದಿದೆ. ತೊಡೆ ಅಷ್ಟು ನೋಯ್ತಿದ್ರೆ ಮಾತ್ರೆ ಬಿಡಿ, ಏನೂ ಆಗಲ್ಲ."

ಅಣ್ಣ ಲೋಟದಲ್ಲಿದ್ದದ್ದನ್ನು ಒಂದೇ ಗುಟುಕಿಗೆ ಕುಡಿದ. ನಿರಾಳವಾದದ್ದು ಮುಖದಲ್ಲೇ ಕಾಣುತ್ತಿತ್ತು. ಡಾಕ್ಟರು ಕಾಗದ ನೋಡಿ ಹೇಳಿದ್ದು, ಹೆಂಡತಿ ಕಣ್ಣಾರೆ ನೋಡಿ ಹೇಳಿದ್ದು. ಅವನು ಯಾರನ್ನು ನಂಬಬೇಕು?

ಇದಾಗಿ ಹದಿನೈದು ದಿನಕ್ಕೆ ಅವನು ನನ್ನ ಮನೆಗೆ ಒಬ್ಬನೇ ಬಂದ. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಬಾಗಿಲಲ್ಲೇ ನಿಂತು, "ಮಾತ್ರೆ ವಿಷಯ ನೀನೇನಂತೀಯ?" ಎಂದ. ನಾನು ತಲೆ ಎತ್ತಲಿಲ್ಲ. "ನಿನ್ನ ಹೆಂಡ್ತಿಗಿಂತ ದೊಡ್ಡ ಡಾಕ್ಟರ್ ಬೇಕಾ ನಿನಗೆ? ಬಿಡು ಅಂದ್ರೆ ಬಿಡು" ಎಂದೆ. ಅವನು "ಹೂಂ, ಸರಿ" ಎಂದು ಹೊರಟ. ಅವನು ಆಗಲೇ ಬಿಟ್ಟಾಗಿತ್ತು, ಸುಮ್ಮನೆ ಮಾತಿಗೆ ಕೇಳಿದ ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಒಂದು ಲೋಟ ನೀರು ಬೇಕಾ ಎಂದು ಕೂಡ ಕೇಳಿರಲಿಲ್ಲ ನಾನು.

ಹನ್ನೊಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಯಾವುದೋ ಕಚೇರಿಯ ಏಳನೇ ಮಹಡಿಯಲ್ಲಿ, ಲಿಫ್ಟ್ ಸರಿಮಾಡಿ ಮುಗಿಸಿ, ಉಪಕರಣದ ಪೆಟ್ಟಿಗೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಕೆಲಸದ ಜಾಗದಲ್ಲಿ ಸತ್ತದ್ದರಿಂದ ಮರಣೋತ್ತರ ಪರೀಕ್ಷೆ ಆಗಲೇಬೇಕಿತ್ತು. ಅದು ಅತ್ತಿಗೆಯ ಆಸ್ಪತ್ರೆಯಲ್ಲೇ ಆಯಿತು. ಮೇಲಿನವರು ಅವರನ್ನು ರಜೆ ಮೇಲೆ ಕಳಿಸಿ, ಬೇರೆಯವರಿಂದ ಸ್ಲೈಡ್ ಮಾಡಿಸಿದರು.

ಬಂದು ಹೋಗುವ ನೆಂಟರ ಮುಂದೆಲ್ಲ ನಾನು ಒಂದೇ ಮಾತು ಆಡಿದೆ. "ಅತ್ತಿಗೆ ಮಾತ್ರೆ ಬಿಡಿಸಿದ್ರು." ಪಕ್ಕದ ಕೋಣೆಯಲ್ಲಿ ಅವರಿಗೆ ಕೇಳಿಸುವ ಹಾಗೆಯೇ ಆಡಿದೆ. ಅವರು ಅಲ್ಲ ಎನ್ನಲಿಲ್ಲ. ನನ್ನ ಹೆಸರನ್ನೂ ಎತ್ತಲಿಲ್ಲ. ಅಣ್ಣ ನನ್ನನ್ನು ಕೇಳಿದ್ದು ಅವರಿಗೆ ಗೊತ್ತೇ ಇಲ್ಲ ಅಂದುಕೊಂಡೆ.

ಮೂರು ತಿಂಗಳ ಮೇಲೆ ಅತ್ತಿಗೆ ಫೋನ್ ಮಾಡಿದರು. ಅಷ್ಟರಲ್ಲಿ ನನ್ನ ರಕ್ತವೂ ಪರೀಕ್ಷೆಯಾಗಿತ್ತು. ಇನ್ನೂರ ನಲವತ್ತೊಂದು. ಅದೇ ಮಾತ್ರೆ ಬರೆದುಕೊಟ್ಟಿದ್ದರು, ನಾನು ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಸುಮ್ಮನೆ ತಿರುಗುತ್ತಿದ್ದೆ.

"ಮಾತ್ರೆ ಶುರು ಮಾಡ್ದ್ಯಾ?"

"ನಿಮ್ಮ ಮಾತು ಕೇಳಿದವನ ಗತಿ ನೋಡಿದೀನಿ, ಅತ್ತಿಗೆ. ನಿಮ್ಮನ್ನ ಕೇಳಿ ಬಿಡೋದೂ ಬೇಡ, ನಿಮ್ಮನ್ನ ಕೇಳಿ ತಗೊಳ್ಳೋದೂ ಬೇಡ."

"ನನ್ನ ಮಾತು ನಂಬಬೇಡ. ಲ್ಯಾಬಿಗೆ ಬಂದು ನೀನೇ ನೋಡು" ಎಂದು ಫೋನ್ ಇಟ್ಟರು.

ಹೋದೆ. ಇಬ್ಬರು ಎದುರುಬದುರು ಕೂತು ಒಂದೇ ಸ್ಲೈಡ್ ನೋಡಬಹುದಾದ ಸೂಕ್ಷ್ಮದರ್ಶಕ ಅಲ್ಲಿತ್ತು, ವಿದ್ಯಾರ್ಥಿಗಳಿಗೆ ಕಲಿಸುವುದಕ್ಕೆ ಇಟ್ಟದ್ದು. ಅತ್ತಿಗೆ ಒಂದು ಗಾಜಿನ ಪಟ್ಟಿ ಸಿಕ್ಕಿಸಿದರು. ಯಾರದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗುಲಾಬಿ ಬಣ್ಣದ ಒಂದು ಉಂಗುರ ಕಂಡಿತು. ಅದರ ಒಂದು ಬದಿ ಬಾತುಕೊಂಡಿತ್ತು. ಒಂದು ಪುಟ್ಟ ಬಾಣದ ಗುರುತು ಅದರ ಮೇಲೆ ಓಡಾಡತೊಡಗಿತು. ಅದನ್ನು ಓಡಿಸುತ್ತಿದ್ದದ್ದು ಅತ್ತಿಗೆಯ ಕೈ.

"ಕೊಲೆಸ್ಟರಾಲ್ ರಕ್ತದಲ್ಲಿ ಸಣ್ಣ ಸಣ್ಣ ಪೊಟ್ಟಣದಲ್ಲಿ ಓಡಾಡುತ್ತೆ. ಅದನ್ನ ಒಳಗೆ ಎಳ್ಕೊಳ್ಳೋಕೆ ಲಿವರ್‌ಗೆ ಬಾಗಿಲುಗಳಿವೆ. ನಿಮ್ಮ ಮನೆಯವರಿಗೆ ಹುಟ್ಟಿನಿಂದ್ಲೇ ಅರ್ಧ ಬಾಗಿಲು ಕೆಲಸ ಮಾಡಲ್ಲ. ಹಾಗಾಗಿ ಪೊಟ್ಟಣಗಳು ರಕ್ತದಲ್ಲೇ ಉಳ್ಕೊಂಡು, ನಾಳದ ಒಳಗೋಡೆ ದಾಟಿ ಇಲ್ಲಿ ಬಂದು ಸಿಕ್ಕಿಹಾಕ್ಕೊಳ್ತವೆ. ಹಳೇ ಎಣ್ಣೆ ಕಮಟಾಗುತ್ತಲ್ಲ, ಹಾಗೆ ಅಲ್ಲೇ ಕೆಡ್ತವೆ. ಆಗ ಒಳಗೋಡೆಯ ಜೀವಕೋಶಗಳು ಮೈಮೇಲೆ ಕೊಕ್ಕೆ ಹೊರಡಿಸ್ತವೆ. ಹರಿದು ಹೋಗ್ತಿರೋ ಬಿಳಿ ರಕ್ತಕಣ ಆ ಕೊಕ್ಕೆಗೆ ಸಿಕ್ಕಿ ಒಳಗೆ ಬರುತ್ತೆ. ಬಂದು ಕೆಟ್ಟದ್ದನ್ನೆಲ್ಲ ತಿನ್ನುತ್ತೆ."

"ಒಳ್ಳೇದೇ ಅಲ್ವಾ?"

"ಒಳ್ಳೇದಕ್ಕೇ ಬರೋದು. ಬೇರೆ ಕೋಶಗಳಿಗೆ ಹೊಟ್ಟೆ ತುಂಬಿದ್ರೆ ಬಾಗಿಲು ಮುಚ್ಚುತ್ತೆ. ಕೆಟ್ಟ ಪೊಟ್ಟಣ ನುಂಗೋ ಬಿಳಿ ಕಣದ ಬಾಗಿಲಿಗೆ ಸಾಕು ಅನ್ನೋದೇ ಗೊತ್ತಿಲ್ಲ. ತಿಂದು ತಿಂದು ನೊರೆ ತುಂಬಿದ ಹಾಗಾಗಿ ಅಲ್ಲೇ ಸಾಯುತ್ತೆ. ಅದರ ರಾಶಿನೇ ಇದು."

ಬಾಣ ಬಿಳಿ ಬಿಳಿ ಸೀಳುಗಳ ಮೇಲೆ ನಿಂತಿತು. ಸೂಜಿಗಳನ್ನು ಚೆಲ್ಲಿದ ಹಾಗಿತ್ತು, ಆದರೆ ಆ ಸೀಳುಗಳಲ್ಲಿ ಏನೂ ಇರಲಿಲ್ಲ.

"ಅಲ್ಲಿ ಕೊಲೆಸ್ಟರಾಲ್ ಹರಳಿತ್ತು. ಮೇಣಕ್ಕೆ ಹಾಕೋ ಮುಂಚೆ ನಾವು ತೊಳೀತೀವಲ್ಲ, ಆಗ ಕರಗಿಹೋಗುತ್ತೆ. ಇದ್ದ ಜಾಗ ಮಾತ್ರ ಉಳಿಯುತ್ತೆ."

ಆಮೇಲೆ ಬಾಣ ಮೇಲಕ್ಕೆ ಸರಿಯಿತು. ರಾಶಿಯ ಮೇಲೆ ನಾರಿನ ತೆಳು ಮುಚ್ಚಳವಿತ್ತು. ಕೆಳಗಿನ ಸ್ನಾಯುವಿನ ಕೋಶಗಳು ಮೇಲೆ ಬಂದು ನೇಯ್ದ ಮುಚ್ಚಳವಂತೆ ಅದು. ಒಳಗಿನ ನೊರೆ ಕೋಶಗಳು ಉಗುಳುವ ರಸ ಆ ನಾರನ್ನೇ ತಿನ್ನುತ್ತದಂತೆ. ಒಂದು ಕಡೆ ಮುಚ್ಚಳ ಹರಿದಿತ್ತು. ಹರಿದಲ್ಲಿಂದ ಗಾಢ ಕೆಂಪು ಗಂಟು ಹೊರಟು ಉಂಗುರದ ಬಾಯಿಯನ್ನೆಲ್ಲ ತುಂಬಿಬಿಟ್ಟಿತ್ತು.

"ದಾರಿ ಎಷ್ಟು ಕಿರಿದಾಗಿತ್ತು ನೋಡು. ಅರ್ಧವೂ ಮುಚ್ಚಿರಲಿಲ್ಲ. ಓಡಿಸಿ ನೋಡಿದ್ರೆ ಇದು ಸಿಗಲ್ಲ. ಮುಚ್ಚಳ ಹರೀತು, ರಕ್ತ ಹೆಪ್ಪುಗಟ್ತು, ಅಷ್ಟೇ. ಮಾತ್ರೆ ತಗೊಂಡ್ರೆ ಲಿವರ್ ಹೊಸ ಬಾಗಿಲು ತೆರೆಯುತ್ತೆ. ನಿಧಾನಕ್ಕೆ ಈ ಮುಚ್ಚಳನೂ ಗಟ್ಟಿಯಾಗುತ್ತೆ."

ನಾನು ಕಣ್ಣು ತೆಗೆದೆ. "ಇಷ್ಟೆಲ್ಲ ನಿಮಗೆ ಅವತ್ತೂ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಯಾಕೆ ಹಾಗಂದ್ರಿ? ತೊಡೆ ನೋವಿಗೆ ಬೇರೆ ಮಾತ್ರೆ ಕೇಳೋಣ ಅನ್ನಬಹುದಿತ್ತಲ್ಲ?"

ಅತ್ತಿಗೆ ದೀಪ ಆರಿಸಿದರು. "ಅವರು ಹೆದರಿದ್ರು. ಧೈರ್ಯ ಹೇಳೋಣ ಅನ್ನಿಸ್ತು. ದಿನಾ ನೋಡಿ ನೋಡಿ ನನಗೆ ಅದು ಎಲ್ಲರಲ್ಲೂ ಇರೋ ಸಾಮಾನ್ಯ ವಸ್ತು ಆಗಿಹೋಗಿತ್ತು. ನಾನು ಎಲ್ಲರೂ ಅಂದೆನಲ್ಲ, ಆ ಎಲ್ಲರೂ ಸತ್ತು ನನ್ನ ಮೇಜಿಗೆ ಬಂದವರು. ಬದುಕಿರೋರದ್ದು ಒಬ್ಬರದ್ದೂ ನಾನು ನೋಡಿಲ್ಲ."

ಫೇಲಾದವರ ಪತ್ರಿಕೆಗಳನ್ನಷ್ಟೇ ಮುಂದಿಟ್ಟುಕೊಂಡು ಇಡೀ ಶಾಲೆಯ ಸರಾಸರಿ ತೆಗೆದ ಹಾಗೆ ಇದು. ನನ್ನ ತರಗತಿಯಲ್ಲಿ ಯಾರಾದರೂ ಹೀಗೆ ಲೆಕ್ಕ ಮಾಡಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಆ ಭಾನುವಾರ ಅದೇ ಮೇಜಿನ ಮುಂದೆ ಕೂತು ಕೇಳಿಸಿಕೊಂಡವಳು ನಾನು, ನನಗೂ ಹೊಳೆಯಲಿಲ್ಲ. ಅವರಿಗೆ ಅದನ್ನು ಹೇಳಬೇಕಿತ್ತು. ಅಣ್ಣ ನನ್ನನ್ನೂ ಕೇಳಿದ್ದ, ನಾನೂ ಬಿಡು ಅಂದಿದ್ದೆ ಎಂದು ಅಲ್ಲೇ ಹೇಳಿಬಿಡಬೇಕಿತ್ತು. ಬಾಯಿ ತನಕ ಬಂತು. ಪರ್ಸು ತೆಗೆದುಕೊಂಡು ಎದ್ದು ಬಂದೆ.

ಮಾತ್ರೆ ಮಾತ್ರ ಅವತ್ತೇ ಶುರು ಮಾಡಿದೆ. ಈಗ ನನ್ನ ಅಂಕಿ ತೊಂಬತ್ತರ ಒಳಗಿದೆ. ಅಣ್ಣ ತೆಗೆದುಕೊಂಡಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಯಾವ ಡಾಕ್ಟರೂ ಹೇಳಲಾರರು, ಆ ಒಂದು ಅನುಮಾನವೇ ನನ್ನನ್ನು ಕಿತ್ತು ತಿನ್ನುವುದು. ಅತ್ತಿಗೆಯ ಮನೆಗೆ ಹೋಗುವುದನ್ನು ಬಿಡಲಿಲ್ಲ. ಭಾನುವಾರ ತಪ್ಪದೆ ಹೋಗುತ್ತಿದ್ದೆ, ಹೋದಾಗಲೆಲ್ಲ ಏನಾದರೂ ನೆಪ ತೆಗೆದು ಚುಚ್ಚುತ್ತಿದ್ದೆ. ಅವರು ಈರುಳ್ಳಿ ದಪ್ಪ ದಪ್ಪಗೆ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದರು. ಹೀಗೇ ಒಂಬತ್ತು ವರ್ಷ ಕಳೆಯಿತು.

ಕಳೆದ ತಿಂಗಳು ಅವರು ನಿವೃತ್ತರಾದರು. ಅವರ ಕಪಾಟು ಖಾಲಿ ಮಾಡಲು ನಾನೂ ಹೋಗಿದ್ದೆ. ಹೊಸದಾಗಿ ಬಂದ ಟೆಕ್ನೀಷಿಯನ್ ಹುಡುಗಿ ಅವರ ಕುರ್ಚಿಯಲ್ಲಿ ಆಗಲೇ ಕೂತು, ಹಿಡಿ ತಿರುಗಿಸಿ ಪದರ ಕತ್ತರಿಸುತ್ತಿದ್ದಳು. ಅತ್ತಿಗೆ ಅವಳ ಹಿಂದೆ ನಿಂತು, "ಎಲ್ಲರಲ್ಲೂ ಇರುತ್ತೆ ಅಂತ ಮಾತ್ರ ಮನೆಗೆ ಹೋಗಿ ಹೇಳಬೇಡಮ್ಮ" ಎಂದರು. ಅವಳಿಗೆ ಅರ್ಥವಾಗಲಿಲ್ಲ, ನಕ್ಕಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ಅವರ ಕೈಯಿಂದ ಚೀಲ ಇಸಿದುಕೊಂಡು ಹೇಳಿದೆ. "ಅತ್ತಿಗೆ, ಮಾತ್ರೆ ಬಿಡಿಸಿದ್ದು ನೀವೊಬ್ರೇ ಅಲ್ಲ. ಅಣ್ಣ ನನ್ನ ಹತ್ರಾನೂ ಬಂದಿದ್ದ. ನಾನೂ ಬಿಡು ಅಂದೆ. ತಲೆ ಕೂಡ ಎತ್ತದೆ ಅಂದೆ."

"ಗೊತ್ತು" ಎಂದರು.

"ಯಾರು ಹೇಳಿದ್ರು?"

"ಅವರೇ. ಅವತ್ತು ನಿನ್ನ ಮನೆಯಿಂದ ಬಂದವರೇ, ‘ತಂಗೀನೂ ಬಿಡು ಅಂದ್ಲು’ ಅಂತ ಉಳಿದ ಮಾತ್ರೆನೆಲ್ಲ ಕಸದ ಬುಟ್ಟಿಗೆ ಹಾಕಿದ್ರು. ಅಲ್ಲೀವರೆಗೂ ತಗೊಳ್ತಾನೇ ಇದ್ರು."

ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಅತ್ತಿಗೆ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ನನ್ನ ಪಕ್ಕ ಕೂತರು.

"ಒಂಬತ್ತು ವರ್ಷ ಯಾಕೆ ಹೇಳ್ಲಿಲ್ಲ ಅತ್ತಿಗೆ? ಅಷ್ಟು ಬೈದೆನಲ್ಲ, ಒಂದು ಸಲನಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬೈಯೋಕೆ ಬರ್ತಿರ್ಲಿಲ್ಲ" ಎಂದರು. "ಅವರ ಬಗ್ಗೆ ಮಾತಾಡೋಕೆ ನನಗೆ ಇನ್ಯಾರಿದ್ರು?"